ಹೂವು ನಮಗೆ ಬೆನ್ನು ತೋರಿಸುತ್ತಿದೆ, ಕಾಕಾ!

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸೂರ್ಯಕಾಂತಿಯದ್ದೇ. ನಮ್ಮ ವಿಜಯಪುರದ ಕಡೆ ಹಳಬರು ಇದಕ್ಕೆ ಸೂರ್ಯಪಾನ ಅಂತಾರೆ, ನನ್ನ ಬಾಯಿಗೂ ಅದೇ ಬರುತ್ತದೆ. ಇಪ್ಪತ್ತೇಳು ವರ್ಷ ಬೀಜ-ಗೊಬ್ಬರದ ಅಂಗಡಿ ನಡೆಸಿದವನು ನಾನು. ಎಕರೆಗಟ್ಟಲೆ ಬಿತ್ತೋರಿಗೆ ಬೀಜ ಕೊಟ್ಟೆ, ಆದರೆ ಅಂಗಡಿ ಮುಚ್ಚಿದ ಮೇಲೆ ಮನೆ ಮುಂದೆ ಹತ್ತು ಗಿಡ ಹಚ್ಚಿದಾಗಲೇ ಇದರ ಸ್ವಭಾವ ತಿಳಿದದ್ದು. ಹೊಲದಲ್ಲಿ ಇದನ್ನು ಯಾರೂ ಮುದ್ದು ಮಾಡುವುದಿಲ್ಲ. ಮನೆಯಲ್ಲಿ ಕೆಡುವುದೆಲ್ಲ ಮುದ್ದಿನಿಂದಲೇ.

ಪ್ರಶ್ನೆ: ಕಾಕಾ, ನಮ್ಮದು ಪೂರ್ವ ಬಾಗಿಲಿನ ಮನೆ. ಅಂಗಳದಲ್ಲಿ ಐದು ಗಿಡ ಹೂಬಿಟ್ಟಿವೆ. ಕಟ್ಟೆ ಮೇಲೆ ಕೂತರೆ ನಮಗೆ ಬರೀ ಬೆನ್ನು, ಎದುರು ಮನೆಯವರಿಗೆ ಮುಖ! ಸೂರ್ಯ ಪಶ್ಚಿಮಕ್ಕೆ ಹೋದರೂ ತಿರುಗುವುದಿಲ್ಲ. ಬೀಜ ಖೊಟ್ಟಿ ಇರಬಹುದಾ? (ಗೃಹಿಣಿ, ನವನಗರ, ಬಾಗಲಕೋಟೆ)

ಬೀಜ ಖೊಟ್ಟಿ ಅಲ್ಲ, ಅಕ್ಕಾವ್ರೇ. ಸೂರ್ಯನ ಹಿಂದೆ ತಿರುಗುವುದು ಎಳೇ ಗಿಡ ಮತ್ತು ಮೊಗ್ಗು ಮಾತ್ರ. ಹಗಲೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ವಾಲಿ, ರಾತ್ರಿ ಮತ್ತೆ ಪೂರ್ವಕ್ಕೆ ಬಂದು ನಿಲ್ಲುತ್ತದೆ. ಕಾಂಡದ ಒಂದು ಬದಿ ಹಗಲು ಜಾಸ್ತಿ ಬೆಳೆಯುತ್ತದೆ, ಇನ್ನೊಂದು ಬದಿ ರಾತ್ರಿ ಜಾಸ್ತಿ ಬೆಳೆಯುತ್ತದೆ. ತಿರುಗಾಟ ಅಂದರೆ ಇಷ್ಟೇ. ಹೂ ಅರಳಿ ಕಾಂಡ ಬಲಿತ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ.

ಪೂರ್ವವೇ ಯಾಕೆ ಅಂದರೆ, ಬೆಳಗಿನ ಬಿಸಿಲಿಗೆ ಹೂ ಬೇಗ ಬಿಸಿಯಾಗುತ್ತದೆ, ಜೇನುಹುಳಕ್ಕೆ ಬೆಚ್ಚಗಿನ ಹೂ ಇಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಕುಂಡಗಳನ್ನೇ ಪಶ್ಚಿಮಕ್ಕೆ ತಿರುಗಿಸಿಟ್ಟು ನೋಡಿದರು. ಪೂರ್ವದ ಹೂಗಳಿಗೆ ಬಂದ ಹುಳಗಳು ಸುಮಾರು ಐದು ಪಟ್ಟು ಜಾಸ್ತಿ. ಅದು 2016ರಲ್ಲಿ ಪ್ರಕಟವಾಯಿತು. ಮುಂದಿನ ಸಲ ಹಿತ್ತಲಲ್ಲಿ, ಮನೆಯ ಪಶ್ಚಿಮಕ್ಕೆ ಹಚ್ಚಿ. ಅಡುಗೆಮನೆ ಕಿಟಕಿಯೊಳಗೇ ಇಣುಕುತ್ತದೆ. ಆದರೆ ಮನೆಯ ನೆರಳು ಬೆಳಗ್ಗೆ ಜಾಸ್ತಿ ಹೊತ್ತು ಬೀಳದಷ್ಟು ದೂರ ಇರಲಿ. ಈ ವರ್ಷ ಎದುರು ಮನೆಯವರು ಕರೆದರೆ ಚಹಾ ಕುಡಿದು ಬನ್ನಿ.

ಪ್ರಶ್ನೆ: ತೆನೆ ಊಟದ ತಾಟಿನಷ್ಟು ದೊಡ್ಡದಾಯಿತು. ಸುತ್ತ ಕಾಳು ಗಟ್ಟಿ, ನಡುವೆ ಬರೀ ಜೊಳ್ಳು. ದಿನಾ ಎರಡು ಹೊತ್ತು ನೀರು ಹಾಕಿದ್ದೇನೆ, ಯೂರಿಯಾನೂ ಕೊಟ್ಟಿದ್ದೇನೆ. (ನಿವೃತ್ತ ಶಿಕ್ಷಕರು, ಮುದ್ದೇಬಿಹಾಳ)

ಸರ್, ಒಂದು ತೆನೆಯನ್ನು ಹತ್ತಿರ ಹಿಡಿದು ನೋಡಿ. ಅದು ಒಂದು ಹೂ ಅಲ್ಲ. ಸುತ್ತಲಿನ ಹಳದಿ ಎಸಳಿಗೆ ಕಾಳು ಕಟ್ಟುವ ಕೆಲಸವೇ ಇಲ್ಲ, ಅದು ಹುಳ ಕರೆಯುವ ಬೋರ್ಡು. ಒಳಗೆ ಒತ್ತಾಗಿರುವ ಕಂದು ಚುಕ್ಕೆಗಳಲ್ಲಿ ಪ್ರತಿಯೊಂದೂ ಒಂದೊಂದು ಹೂ, ಒಂದೊಂದು ಕಾಳು. ಅವು ಹೊರಗಿನ ಸುತ್ತಿನಿಂದ ಶುರುವಾಗಿ ದಿನಕ್ಕೆ ಒಂದೆರಡು ಸುತ್ತು ಒಳಗೊಳಗೆ ಅರಳುತ್ತವೆ. ನಡುವಿನವು ಅರಳುವ ಹೊತ್ತಿಗೆ ಹೊರಗಿನ ಕಾಳು ಗಿಡದ ಶಕ್ತಿಯನ್ನೆಲ್ಲ ಎಳೆದುಕೊಂಡಿರುತ್ತವೆ. ಮದುವೆ ಊಟದಲ್ಲಿ ಕೊನೇ ಪಂಕ್ತಿಯ ಕಥೆ. ಹಾಗಾಗಿ ನಡುವೆ ಎರಡು ಬೆರಳಗಲ ಜೊಳ್ಳು ಇದ್ದರೆ ಚಿಂತೆ ಬೇಡ.

ಅಂಗೈಯಗಲ ಜೊಳ್ಳು ಇದ್ದರೆ ಮೊದಲ ಅನುಮಾನ ಜೇನಿನ ಮೇಲೆ. ಊರೊಳಗೆ ಹುಳ ಕಡಿಮೆ. ಅದರಲ್ಲೂ ಒಂದೇ ಗಿಡ ಹಚ್ಚಿದರೆ ಬೇರೆ ಗಿಡದ ಪರಾಗ ಎಲ್ಲಿಂದ ಬರಬೇಕು? ಎಂಟು-ಹತ್ತು ಗಿಡ ಗುಂಪಾಗಿರಲಿ. ಹೂ ಅರಳಿದಾಗ ಬೆಳಗ್ಗೆ ಎಂಟರಿಂದ ಹನ್ನೊಂದರೊಳಗೆ ಮೆತ್ತನೆ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಒಂದು ತೆನೆ ಸವರಿ, ಅದೇ ಬಟ್ಟೆಯಿಂದ ಪಕ್ಕದ್ದನ್ನು ಸವರಿ. ಮಗುವಿನ ತಲೆ ಸವರಿದಷ್ಟು ಹಗುರ. ದಿನ ಬಿಟ್ಟು ದಿನ, ಒಂದು ವಾರ-ಹತ್ತು ದಿನ. ನಾನು ಹಳೇ ಮಲ್ ಧೋತರದ ತುಂಡು ಇಟ್ಟುಕೊಂಡಿದ್ದೇನೆ, ಅದೀಗ ಅರಿಷಿಣದಲ್ಲಿ ಅದ್ದಿದ ಹಾಗೆ ಹಳದಿಯಾಗಿದೆ.

ಎರಡನೆಯದು ಬೋರಾನ್, ಗಿಡಕ್ಕೆ ಚೂರೇ ಚೂರು ಬೇಕಾದ ಪೋಷಕಾಂಶ. ಸುಣ್ಣದಂಶ ಜಾಸ್ತಿ ಇರುವ ನಮ್ಮ ಎರೆ ಮಣ್ಣಿನಲ್ಲಿ ಅದು ಬೇರಿಗೆ ಸರಿಯಾಗಿ ಸಿಗುವುದಿಲ್ಲ. ಹಳದಿ ಎಸಳು ಬಿಚ್ಚುವ ಹೊತ್ತಿಗೆ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ (ಬೋರಾನ್ ಇರುವ ಪುಡಿ) ಹಾಕಿ ತೆನೆಗೆ ಸಿಂಪಡಿಸಬೇಕು. ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ. ಎರಡು ಗ್ರಾಂ ಅಂದರೆ ಎರಡೇ ಗ್ರಾಂ. ಇಷ್ಟು ವರ್ಷ ರೈತರಿಗೆ ಅಳತೆ ಹೇಳಿದ ನಾನೇ ಮನೆಯಲ್ಲಿ ಚಹಾ ಚಮಚದಲ್ಲಿ ಅಂದಾಜು ಹೊಡೆದೆ. ನಾಲ್ಕನೇ ದಿನ ಎಲೆಯಂಚು ಬೀಡಿ ತಾಗಿದಂತೆ ಸುಟ್ಟಿತ್ತು. ನನ್ನ ಹೆಂಡತಿ ಬಂಗಾರದಂಗಡಿಗೆ ಹೋಗಿ ತೂಗಿಸಿಕೊಂಡು ಬನ್ನಿ ಅಂದಳು.

ಇನ್ನು ಯೂರಿಯಾ ಬಿಡಿ, ಎರಡು ಹೊತ್ತು ನೀರೂ ಬಿಡಿ. ಎಲೆ ದೊಡ್ಡದಾಗುತ್ತದೆ, ಕಾಂಡ ನೀರುನೀರಾಗುತ್ತದೆ, ಗಾಳಿಗೆ ಮಲಗುತ್ತದೆ. ಬೆರಳಿನ ಎರಡು ಗೆಣ್ಣು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ತುಂಬ ನೀರು ಕೊಡಿ. ಮೊಗ್ಗಿನಿಂದ ಕಾಳು ತುಂಬುವವರೆಗೆ ಮಾತ್ರ ಪೂರ್ತಿ ಒಣಗಿಸಬೇಡಿ. ಬಿತ್ತನೆಯನ್ನೂ ಲೆಕ್ಕ ಹಾಕಿ. ಏಪ್ರಿಲ್‌-ಮೇ ತಿಂಗಳಲ್ಲಿ ನಮ್ಮಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ಹೂ ಸಿಕ್ಕರೆ ಪರಾಗವೇ ಸಾಯುತ್ತದೆ.

ಪ್ರಶ್ನೆ: ಬಾಲ್ಕನಿಯಲ್ಲಿ ಸಣ್ಣ ಕುಂಡ. ಗಿಡ ಸಣಕಲಾಗಿ ಹೊರಗೆ ಬಾಗಿದೆ. ಬಿಸಿಲು ದಿನಕ್ಕೆ ಎರಡು ತಾಸು. (ಯುವಕ, ಬೆಳಗಾವಿ)

ತಮ್ಮಾ, ಆರು ತಾಸಾದರೂ ಬಿಸಿಲು ಬೇಕು. ಅದು ಬಿಸಿಲು ಹುಡುಕಿಕೊಂಡು ಹೊರಟಿದೆ. ಮಹಡಿ ಮೇಲೆ ಹನ್ನೆರಡು ಇಂಚು ಆಳದ ಬಕೀಟಿಗೆ ತಳದಲ್ಲಿ ತೂತು ಮಾಡಿ, ಗಿಡ್ಡ ಜಾತಿಯದ್ದು ಒಂದೇ ಗಿಡ ಬೆಳೆಸಿ. ಬೀಜ ನೇರ ಅಲ್ಲೇ ಒಂದಿಂಚು ಆಳಕ್ಕೆ ಊರಿ, ಕಿತ್ತು ನೆಡಬೇಡಿ, ತಾಯಿಬೇರು ಮುರಿಯುತ್ತದೆ. ಬಾಲ್ಕನಿಗೆ ಮನಿಪ್ಲಾಂಟ್ ಸಾಕು.

ಪ್ರಶ್ನೆ: ಎಲೆ ಒಂದು ಬದಿ ಕಪ್ಪಾಗಿ, ತುದಿ ಸೊಟ್ಟಗಾಗಿ ಗಿಡವೇ ಒಣಗುತ್ತಿದೆ. ಎಲೆ ಲಕೋಟೆಯಲ್ಲಿ ಇಟ್ಟಿದ್ದೇನೆ. (ಗೋಕಾಕ)

ಲಕೋಟೆಯಲ್ಲಿ ಬಂದದ್ದು ಬರೀ ಬೂಷ್ಟು. ನೀವು ಬರೆದಂತೆ ನೋಡಿದರೆ ನೆಕ್ರೋಸಿಸ್ ಅನ್ನುವ ನಂಜುರೋಗದ (ವೈರಸ್ ರೋಗದ) ಹಾಗಿದೆ. ನಮ್ಮ ರಾಜ್ಯದಲ್ಲೇ, ಬಾಗೇಪಲ್ಲಿ ಕಡೆ 1997ರಲ್ಲಿ ಮೊದಲು ಕಣ್ಣಿಗೆ ಬಿದ್ದ ರೋಗ. ಔಷಧ ಇಲ್ಲ. ಗಿಡ ಕಿತ್ತು ಸುಟ್ಟುಬಿಡಿ. ಇದನ್ನು ಹರಡುವುದು ಥ್ರಿಪ್ಸ್ ನುಸಿ, ಅದಕ್ಕೆ ನಂಜು ಸಿಗುವುದು ಕಾಂಗ್ರೆಸ್ ಕಸದ ಪರಾಗದಿಂದ. ಕಾಂಪೌಂಡಿನ ಆಚೆ ಆ ಕಸ ಬೆಳೆದಿದ್ದರೆ ಹೂ ಬಿಡುವ ಮೊದಲೇ ಕಿತ್ತುಹಾಕಿ. ಕೈಗೆ ಗ್ಲೌಸ್ ಇರಲಿ, ತುರಿಕೆ ಬರುತ್ತದೆ. ಎಲೆ ಮೇಲೆ ಬರೀ ಬಿಳಿ ಪುಡಿ ಇದ್ದರೆ ಅದು ಬೂದಿ ರೋಗ. ಕೊನೆಗಾಲದಲ್ಲಿ ಬಂದರೆ ಕೆಳಗಿನ ಎಲೆ ತೆಗೆದು ಸುಮ್ನೆ ಬಿಟ್ಟುಬಿಡಿ.

ಪ್ರಶ್ನೆ: ಗಿಳಿಗಳ ಕಾಟ, ಕಾಕಾ! (ಜಮಖಂಡಿ)

ಹಳದಿ ಎಸಳು ಬಾಡಿದ ದಿನವೇ ತೆನೆಗೆ ಉಳ್ಳಾಗಡ್ಡಿಯ ಕೆಂಪು ಜಾಳಿಗೆ ಚೀಲವನ್ನು ಎರಡು ಪದರ ಮಾಡಿ ಕಟ್ಟಿ. ಅದಕ್ಕೂ ಮೊದಲು ಕಟ್ಟಿದರೆ ಜೇನು ಹೊರಗೇ ಉಳಿಯುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವತು ಕೊಳೆಯುತ್ತದೆ. ತೆನೆಯ ಹಿಂಬದಿ ನಿಂಬೆಹಣ್ಣಿನ ಬಣ್ಣಕ್ಕೆ ಬಂದಾಗ ಒಂದಡಿ ಕಾಂಡ ಸಮೇತ ಕೊಯ್ದು ನೆರಳಲ್ಲಿ ತಲೆಕೆಳಗೆ ತೂಗುಹಾಕಿ. ಒಂದು ತೆನೆ ಮಾತ್ರ ನಾನು ಕಟ್ಟುವುದಿಲ್ಲ. ಗಿಳಿ ಅದರ ಮೇಲೆ ತಲೆಕೆಳಗಾಗಿ ಜೋತು, ಕಾಳನ್ನು ನಾಲಿಗೆಯಿಂದ ಹೊರಳಿಸಿ, ಸಿಪ್ಪೆ ಕೆಳಗೆ ಉದುರಿಸುವುದನ್ನು ನೋಡುತ್ತಾ ನನ್ನ ಚಹಾ ಆರಿಹೋಗುತ್ತದೆ.

ಪ್ರಶ್ನೆ: ನಾನು ಏಳನೇ ಕ್ಲಾಸು. ಈ ವರ್ಷದ ಕಾಳನ್ನೇ ಬರುವ ವರ್ಷ ಹಾಕಬಹುದಾ, ಅಜ್ಜಾ? (ಇಂಡಿ)

ಹಾಕು, ಪುಟ್ಟಿ. ಪ್ಯಾಕೆಟ್ ಮೇಲೆ ಹೈಬ್ರಿಡ್ ಅಂತ ಇದ್ದರೆ ಮರುವರ್ಷದ ಗಿಡಗಳು ಒಂದು ಗಿಡ್ಡ, ಒಂದು ಉದ್ದ, ಒಂದಕ್ಕೆ ನಾಲ್ಕು ತಲೆ, ಹೀಗೆ ಬರುತ್ತವೆ. ರೈತರಾದರೆ ಬೇಡ ಅಂತಿದ್ದೆ. ನೀನು ಹಾಕಿ, ಯಾವುದು ಹೇಗೆ ಬಂತು ಅಂತ ಬರೆದು ಕಳಿಸು. ಎಲೆ ಮಾತ್ರ ಲಕೋಟೆಯಲ್ಲಿ ಹಾಕಬೇಡ.