ಓದುಗರ ಪ್ರಶ್ನೆ: ಸೀಬಕ್‌ಥಾರ್ನ್ ಹಣ್ಣು ಒಡೆಯದಂತೆ ಒತ್ತುವುದು ಹೇಗೆ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಸೆಪ್ಟೆಂಬರ್‌ನಲ್ಲಿ ಲಡಾಖ್‌ನ ನುಬ್ರಾ ಕಣಿವೆಗೆ ಹೋಗುತ್ತಿದ್ದೇನೆ. ಸೀಬಕ್‌ಥಾರ್ನ್ ಪೊದೆಯ ಹರ್ಬೇರಿಯಂ ಮಾದರಿ (ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿಡುವ ಗಿಡದ ಮಾದರಿ) ತರಬೇಕು. ಹಿಂದಿನ ತಂಡದ ಹಾಳೆಗಳಲ್ಲಿ ಹಣ್ಣು ಕಾಗದಕ್ಕೆ ಅಂಟಿದೆ, ಎಲೆ ಉದುರಿದೆ. ತಪ್ಪು ಎಲ್ಲಿ?

ಉತ್ತರ: ಹಣ್ಣು ತುಂಬಿದ ಕೊಂಬೆಯನ್ನು ಹಾಗೇ ಪ್ರೆಸ್‌ಗೆ, ಅಂದರೆ ಗಿಡ ಒತ್ತುವ ಚೌಕಟ್ಟಿಗೆ, ಇಟ್ಟು ಬಿಗಿದಿರಬೇಕು. ಸಿಪ್ಪೆ ತೀರಾ ತೆಳು; ಒತ್ತಿದರೆ ಎಣ್ಣೆ ಬೆರೆತ ಹುಳಿರಸ ಹೊರಬಂದು ಸುತ್ತಲಿನ ಎಲೆಗಳನ್ನು ನೆನೆಸುತ್ತದೆ. ತೇವದಲ್ಲೇ ನಿಧಾನವಾಗಿ ಒಣಗುವ ಎಲೆ ಕಳಚಿ ಬೀಳುತ್ತದೆ.

25–30 ಸೆಂ.ಮೀ. ಉದ್ದದ ಕೊಂಬೆ ಸಾಕು, ನಮ್ಮ 42×28 ಸೆಂ.ಮೀ. ಹಾಳೆಯಲ್ಲಿ ಕೂರುತ್ತದೆ. ಐದಾರು ಹಣ್ಣು ಮಾತ್ರ ಬಿಟ್ಟು ಉಳಿದದ್ದು ಬಿಡಿಸಿ. ಬಿಟ್ಟವನ್ನು ಬ್ಲೇಡಿನಿಂದ ಸೀಳಿ, ರಸ ಒತ್ತಿ ತೆಗೆದು, ಮೇಲೆ ಬೆಣ್ಣೆಕಾಗದ ಇಡಿ. ಬಿಡಿಸಿದ ಹಣ್ಣಲ್ಲಿ ಹತ್ತು ಹದಿನೈದನ್ನು 70% ಆಲ್ಕೋಹಾಲ್ ಬಾಟಲಿಗೆ ಹಾಕಿ. ಅದರೊಳಗಿನ ಚೀಟಿ ಪೆನ್ಸಿಲ್‌ನಲ್ಲೇ ಬರೆದಿರಲಿ, ಬಾಲ್‌ಪೆನ್ ಶಾಯಿ ಕರಗಿಹೋಗುತ್ತದೆ. ಹಣ್ಣಿನ ಬಣ್ಣವೂ ಮಾಸುತ್ತದೆ, ಅದನ್ನು ಗಿಡದ ಬುಡದಲ್ಲಿ ನಿಂತೇ ಬರೆದುಕೊಳ್ಳಿ.

ಮುಳ್ಳುಗಳನ್ನೆಲ್ಲ ಸವರಬೇಡಿ, ಅವೂ ಗುರುತೇ. ಕಾಗದಕ್ಕೆ ನೆಟ್ಟಗೆ ಚುಚ್ಚುವವನ್ನಷ್ಟೇ ಬುಡ ಉಳಿಸಿ ಕತ್ತರಿಸಿ. ದಪ್ಪ ರೆಂಬೆಯಿಂದಾಗಿ ಎಲೆಗೆ ಒತ್ತಡ ಸಿಗದೆ ಮುರುಟುತ್ತದೆ; ಪತ್ರಿಕೆಗಳ ನಡುವೆ 1 ಸೆಂ.ಮೀ. ಸ್ಪಂಜು ಹಾಳೆ ಇಟ್ಟರೆ ಸರಿಹೋಗುತ್ತದೆ. ಮೊದಲ ಸಲ 12 ಗಂಟೆಗೆ, ಆಮೇಲೆ ದಿನಕ್ಕೊಮ್ಮೆ ಕಾಗದ ಬದಲಿಸಿ. ಎಲೆಯ ಧೂಳನ್ನು ಬಟ್ಟೆಯಿಂದ ಒರೆಸಬೇಡಿ. ತಳಭಾಗದ ಬೆಳ್ಳಿ ಹುರುಪೆಯೇ ಸೀಬಕ್‌ಥಾರ್ನ್ ಸೇರಿದ ಸಸ್ಯಕುಟುಂಬದ ಮುಖ್ಯ ಗುರುತು, ಒರೆಸಿದರೆ ಅದೂ ಹೋಗುತ್ತದೆ.

ಇನ್ನೊಂದು ತಪ್ಪು ಹಾಳೆಯಲ್ಲಿ ಕಾಣುವುದೇ ಇಲ್ಲ. ಗಂಡು, ಹೆಣ್ಣು ಬೇರೆ ಬೇರೆ ಗಿಡ, ಎರಡಕ್ಕೂ ಪ್ರತ್ಯೇಕ ಸಂಗ್ರಹ ಸಂಖ್ಯೆ ಬೇಕು. ಹಣ್ಣಿಲ್ಲದ್ದೆಲ್ಲ ಗಂಡೆಂದು ಬರೆಯುವುದು ಅವಸರದ ಕೆಲಸ. ಎಳೆಯ ಹೆಣ್ಣುಗಿಡವೂ ಬರಿದಾಗಿರುತ್ತದೆ. ಮೊಗ್ಗು ನೋಡಿ: ಗಂಡಿನದು ದಪ್ಪ, ಗಂಟುಗಂಟು, ಹೆಣ್ಣಿನದು ಸಣ್ಣದು. ಬೇರಿನಿಂದ ಮರಿ ಒಡೆಯುವ ಪೊದೆಯಾದ್ದರಿಂದ ಒಂದಿಡೀ ಹಿಂಡು ಒಂದೇ ಗಿಡವಾಗಿರಬಹುದು, ಆದ್ದರಿಂದ ಮಾದರಿಗಳ ನಡುವೆ ದೂರವಿರಲಿ. ಡಿಎನ್‌ಎ ಬೇಕಿದ್ದರೆ ಹಸಿ ಎಲೆಯನ್ನು ಅದರ ಹತ್ತು ಪಟ್ಟು ತೂಕದ, ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಹಾಕಿ.

ಊರಂಚಿನಲ್ಲಿ ಸರ್ಸಿಂಗ್ ಮರವೂ ಇರುತ್ತದೆ, ಅದರ ಎಲೆಯೂ ಬೆಳ್ಳಿಯೇ. ಆದರೆ ಅದು ಎಲಿಯಾಗ್ನಸ್ ಎಂಬ ಬೇರೆ ಕುಲದ್ದು: ಎಲೆ ಅಗಲ, ಹಣ್ಣು ಒಣಹಿಟ್ಟಿನಂತೆ. ನಮ್ಮ ಪಶ್ಚಿಮಘಟ್ಟದ ಎಲಿಯಾಗ್ನಸ್ ಕಾನ್ಫರ್ಟಾ ಅದರದೇ ಬಳಗ. ಹೊರಡುವ ಮುಂಚೆ ಅದರ ಕೊಂಬೆಯೊಂದನ್ನು ಒತ್ತಿ ಕೈ ಪಳಗಿಸಿಕೊಳ್ಳಿ.