ಟೋಲ್ ತಪ್ಪಿಸುವ ಮುನ್ನ ಲೆಕ್ಕ ಹಾಕಿ

ಬೆಂಗಳೂರಿನ ಸುತ್ತಲಿನ ಟೋಲ್ ರಸ್ತೆಗಳು ಮತ್ತು ಅವುಗಳ ಬಳಸುದಾರಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಟೋಲ್ ಪ್ಲಾಜಾ ಬರುವ ಮೊದಲೇ ಸರ್ವಿಸ್ ರಸ್ತೆಗೆ ಇಳಿದು, ಆಮೇಲೆ ಮತ್ತೆ ಹೆದ್ದಾರಿ ಹತ್ತಿದರೆ ಕೇಸ್ ಹಾಕುತ್ತಾರೆಯೇ?
ಓದುಗರು, ಕೆಂಗೇರಿ

ಇಲ್ಲ. ಸಾರ್ವಜನಿಕ ರಸ್ತೆಯಲ್ಲಿ ಗಾಡಿ ಓಡಿಸುವುದು ಅಪರಾಧವಲ್ಲ. ಪ್ಲಾಜಾ ದಾಟದೆ ಹೆದ್ದಾರಿಯ ಒಂದು ತುಂಡನ್ನಷ್ಟೇ ಬಳಸಿದ ವಾಹನದಿಂದ ಶುಲ್ಕ ಪಡೆಯುವಂತಿಲ್ಲ ಎಂದು 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ 9ನೇ ನಿಯಮವೇ ಹೇಳುತ್ತದೆ. ಆದರೆ ಹೀಗೆ ನುಣುಚಿಕೊಂಡು ಅದೇ ಹೆದ್ದಾರಿಗೆ ಮರಳುವವರು ಹೆಚ್ಚಿ ವಸೂಲಿಗೆ ದೊಡ್ಡ ಪೆಟ್ಟು ಬಿದ್ದರೆ, ಕೇಂದ್ರದ ಅನುಮತಿ ಪಡೆದು ಪ್ಲಾಜಾದಿಂದ 10 ಕಿ.ಮೀ. ಒಳಗೆ ಇನ್ನೊಂದು ತಡೆ ಹಾಕಲು ಅವೇ ನಿಯಮಗಳಲ್ಲಿ ಅವಕಾಶವಿದೆ. ಎದುರು ದಿಕ್ಕಿನಲ್ಲಿ ನುಗ್ಗುವುದು, ಡಿವೈಡರ್ ಒಡೆದ ಜಾಗದಲ್ಲಿ ತಿರುಗಿಸುವುದು, ಕಾರಿನ ಫಾಸ್ಟ್ಯಾಗನ್ನು ಸರಕು ಗಾಡಿಗೆ ಅಂಟಿಸುವುದು, ಇವು ಮಾತ್ರ ತಪ್ಪು. ಮೊದಲ ಎರಡರಲ್ಲಿ ಜೀವವೇ ಹೋಗಬಹುದು.

ತಿಂಗಳಿಗೆ ನಾಲ್ಕೈದು ಸಲ ವಿಮಾನ ನಿಲ್ದಾಣಕ್ಕೆ ಹೋಗಿ ಬರುತ್ತೇನೆ. ಸಾದಹಳ್ಳಿ ಟೋಲ್ ಉಳಿಸಲು ಹೆಣ್ಣೂರು–ಬಾಗಲೂರು ರಸ್ತೆ ಹಿಡಿಯಬಹುದೇ?
ಓದುಗರು, ರಾಜಾಜಿನಗರ

ನಿಮ್ಮ ಮನೆ ರಾಜಾಜಿನಗರದಲ್ಲಿರುವುದರಿಂದ ಬೇಡ ಎನ್ನುತ್ತೇವೆ. ಕೊತ್ತನೂರು, ಬಾಗಲೂರು, ಮೈಲನಹಳ್ಳಿ, ಬೇಗೂರು ಮೇಲೆ ಸಾಗುವ ಆ ದಾರಿ ಹೆಣ್ಣೂರು, ಕಲ್ಯಾಣನಗರ, ಬಾಣಸವಾಡಿ, ಕೆ.ಆರ್. ಪುರ ಕಡೆಯವರಿಗೆ ಹೇಳಿ ಮಾಡಿಸಿದಂಥದ್ದು. ಟೋಲ್ ಇರಲಿ ಬಿಡಲಿ, ಅವರಿಗೆ ಹೆಬ್ಬಾಳದ ದಟ್ಟಣೆ ತಪ್ಪುವುದೇ ಲಾಭ. ನೀವಾದರೆ ಹೆಬ್ಬಾಳ ದಾಟಿ, ಹೊರವರ್ತುಲ ರಸ್ತೆಯಲ್ಲಿ ಪೂರ್ವಕ್ಕೆ ಹೋಗಿ, ಹೆಣ್ಣೂರು ಕ್ರಾಸಿನಲ್ಲಿ ಮತ್ತೆ ಉತ್ತರಕ್ಕೆ ತಿರುಗಬೇಕು.

ಲೆಕ್ಕ ಹೀಗಿದೆ. ಪೆಟ್ರೋಲ್ ಲೀಟರಿಗೆ ₹103, ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಂಡರೆ ಕಿ.ಮೀ.ಗೆ ಸುಮಾರು ₹7 ಬೀಳುತ್ತದೆ. 10 ಕಿ.ಮೀ. ಸುತ್ತಿದರೆ ₹70 ಹೋಯಿತು. ಹಂಪು, ಸಿಗ್ನಲ್, ಎರಡನೇ ಗೇರಿನ ಓಟದಲ್ಲಿ ಮೈಲೇಜು 11ಕ್ಕೆ ಇಳಿದರೆ ಅದೇ 10 ಕಿ.ಮೀ.ಗೆ ₹94 ಆಗುತ್ತದೆ. ಬರೀ ಹೆಚ್ಚುವರಿ ದೂರವನ್ನಲ್ಲ, ಇಡೀ ದಾರಿಯ ಮೈಲೇಜನ್ನು ಹೋಲಿಸಿ. ಅಗಲ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದಾಗ ಉಳಿಯುವ ಪೆಟ್ರೋಲೇ ಟೋಲಿನ ಒಂದಿಷ್ಟು ಪಾಲನ್ನು ತೀರಿಸುತ್ತದೆ.

ಟೋಲ್ ಕಟ್ಟುವುದಾದರೆ ಒಂದು ನಿಯಮ ನೆನಪಿರಲಿ: 24 ಗಂಟೆಯೊಳಗೆ ಅದೇ ಪ್ಲಾಜಾ ಮೂಲಕ ಮರಳಿದರೆ ಹೋಗಿಬರುವ ಶುಲ್ಕ ಒಂದು ಕಡೆಯದರ ಒಂದೂವರೆ ಪಟ್ಟು ಮಾತ್ರ. ಫಾಸ್ಟ್ಯಾಗ್ ಇದ್ದರೆ ಈ ರಿಯಾಯಿತಿ ತಾನಾಗಿಯೇ ಸಿಗುತ್ತದೆ. ಹಾಗಾಗಿ ಹೋಗುವಾಗ ಹೆದ್ದಾರಿ, ಬರುವಾಗ ಬಳಸುದಾರಿ ಎಂದರೆ ಉಳಿಯುವುದು ಪೂರ್ತಿ ಟೋಲ್ ಅಲ್ಲ, ಅರ್ಧ.

ಫೋನಿನ ನಕ್ಷೆಯಲ್ಲಿ ‘ಟೋಲ್ ಬೇಡ’ ಆಯ್ಕೆಯನ್ನು ಸದಾ ಒತ್ತಿಟ್ಟುಕೊಳ್ಳಬೇಡಿ. ಅದಕ್ಕೆ ನಿಮ್ಮ ಮನಸ್ಸಿನಲ್ಲಿರುವುದು ಸಾದಹಳ್ಳಿ ಮಾತ್ರ ಎಂದು ಗೊತ್ತಾಗುವುದಿಲ್ಲ; ನೈಸ್ ರಸ್ತೆ, ಎಲೆಕ್ಟ್ರಾನಿಕ್ ಸಿಟಿ ಮೇಲುರಸ್ತೆ ಎಲ್ಲವನ್ನೂ ಕೈಬಿಡುತ್ತದೆ. ಕೊನೆಗೆ ಕೆರೆ ಏರಿಯ ಮೇಲಿನ ಒಂಟಿ ದಾರಿಗೂ ತಂದು ನಿಲ್ಲಿಸೀತು. ಎರಡೂ ದಾರಿಗಳ ದೂರ, ಸಮಯವನ್ನು ಹೊರಡುವ ಮೊದಲೇ ಪಕ್ಕಪಕ್ಕ ಇಟ್ಟು ನೋಡಿ. ವಿಮಾನ ಹಿಡಿಯುವ ದಿನವಂತೂ ಹೊಸ ದಾರಿ ಪರೀಕ್ಷಿಸಲೇಬೇಡಿ.

ಪ್ರತಿ ವಾರ ಮೈಸೂರಿಗೆ ಹೋಗುತ್ತೇವೆ. ಕನಕಪುರ–ಮಳವಳ್ಳಿ–ಬನ್ನೂರು ಕಡೆಯಿಂದ ಹೋದರೆ ಟೋಲ್ ಉಳಿಯುತ್ತದೆಯೇ?
ಓದುಗರು, ಜಯನಗರ

ಕನಕಪುರ ರಸ್ತೆಯ ಸೋಮನಹಳ್ಳಿಯಲ್ಲೂ ಟೋಲ್ ಇದೆ. ನಿಜಕ್ಕೂ ಟೋಲ್ ಇಲ್ಲದೆ ಹೋಗಬೇಕೆಂದರೆ ಸರ್ವಿಸ್ ರಸ್ತೆ ಮತ್ತು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಊರೊಳಗಿನ ಹಳೆಯ ರಸ್ತೆಯೇ ಗತಿ. ಬಿಡದಿ, ರಾಮನಗರದವರೆಗಾದರೆ ಅದು ಒಳ್ಳೆಯ ದಾರಿ. ಮೈಸೂರಿನವರೆಗೆ ಪ್ರತಿ ವಾರ ಎಂದರೆ ಸುಸ್ತು.

ನಿಮಗೆ ಒಪ್ಪುವುದು ಬಳಸುದಾರಿಯಲ್ಲ, ಫಾಸ್ಟ್ಯಾಗ್ ವಾರ್ಷಿಕ ಪಾಸ್. 2025ರ ಆಗಸ್ಟ್ 15ರಂದು ಜಾರಿಗೆ ಬಂದಾಗ ಅದರ ಬೆಲೆ ₹3,000 ಇತ್ತು; ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅಲ್ಲಿಗೆ ಮುಗಿಯುತ್ತದೆ. ದಶಪಥದಲ್ಲಿ, ಅಂದರೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಬಿಡದಿ ಬಳಿ ಒಂದು, ಶ್ರೀರಂಗಪಟ್ಟಣದ ಗಣಂಗೂರಿನಲ್ಲಿ ಒಂದು ಪ್ಲಾಜಾ ದಾಟುತ್ತೀರಿ. ಒಂದೊಂದು ದಾಟುವಿಕೆಯೂ ಒಂದು ಟ್ರಿಪ್. ಹೋಗಿಬರಲು 4 ಟ್ರಿಪ್, ವರ್ಷಕ್ಕೆ 50 ವಾರವೆಂದರೆ ಸರಿಯಾಗಿ 200. ಆ ಬೆಲೆಯಲ್ಲಿ ಪ್ಲಾಜಾ ಒಂದಕ್ಕೆ ₹15 ಬಿತ್ತು.

ರಾಜಮಾರ್ಗಯಾತ್ರಾ ಆ್ಯಪ್‌ನಲ್ಲಿ ವಾಹನದ ನಂಬರ್ ಹಾಕಿ ಹಣ ಕಟ್ಟಿದರೆ ಈಗಿರುವ ಟ್ಯಾಗಿನ ಮೇಲೆಯೇ ಪಾಸ್ ಕೂರುತ್ತದೆ. ಟ್ಯಾಗ್ ಬರೀ ಚಾಸಿಸ್ ನಂಬರಿನಲ್ಲಿ ನೋಂದಣಿಯಾಗಿದ್ದರೆ ಪಾಸ್ ಸಿಗದು. ಮೊದಲು ಟ್ಯಾಗ್ ಕೊಟ್ಟ ಬ್ಯಾಂಕಿನಲ್ಲಿ ವಾಹನದ ನಂಬರ್ ಸೇರಿಸಿ. ಹಳದಿ ಬೋರ್ಡಿನ ಗಾಡಿಗೆ ಪಾಸ್ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲಿ: ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಲ್ಲಿ ಮಾತ್ರ. ಕನಕಪುರ ರಸ್ತೆಯಲ್ಲಿ ನೈಸ್ ಹತ್ತಿ ಮೈಸೂರು ರಸ್ತೆಗೆ ಸೇರಿಕೊಂಡರೆ ನೈಸ್ ಟೋಲಿಗೆ ಪಾಸ್ ನಡೆಯದು. ಆ ಖರ್ಚನ್ನು ಬೇರೆಯಾಗಿಯೇ ಲೆಕ್ಕಕ್ಕೆ ಹಿಡಿಯಿರಿ.

ಟೋಲ್ ತಪ್ಪಿಸಲು ಲಾರಿಗಳು ನಮ್ಮೂರ ರಸ್ತೆಗೆ ನುಗ್ಗುತ್ತಿವೆ. ಹೊಸ ಡಾಂಬರು ಒಂದೇ ಮಳೆಗಾಲಕ್ಕೆ ಅಂಚಿನಿಂದ ಒಡೆದಿದೆ. ಯಾರನ್ನು ಕೇಳಬೇಕು?
ಓದುಗರು, ನೆಲಮಂಗಲ ತಾಲ್ಲೂಕು

ನಿಮ್ಮ ದೂರು ನ್ಯಾಯವಾದದ್ದು. ಇಂಥ ಹಳ್ಳಿ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ಲಾರಿಯ ಅಗಲ ಸುಮಾರು 2.5 ಮೀಟರ್. ಎದುರುಬದುರಾದ ಎರಡು ಲಾರಿಗಳಿಗೆ 5 ಮೀಟರ್ ಬೇಕು. ಒಂದರ ಚಕ್ರ ಮಣ್ಣಿಗೆ ಇಳಿಯಲೇಬೇಕು. ಮಣ್ಣು ಕುಸಿದು ಅಂಚು ಮುರಿಯುತ್ತದೆ, ಆ ಸೀಳಿನಲ್ಲಿ ನೀರಿಳಿದು ಕೆಳಗಿನ ಜಲ್ಲಿ ಹಾಸು ಸಡಿಲವಾಗುತ್ತದೆ, ಮೇಲಿನದು ತೇಪೆತೇಪೆಯಾಗಿ ಏಳುತ್ತದೆ. ಜೊತೆಗೆ, ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ: ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. 10 ಟನ್ನಿನ ಒಂದು ಆಕ್ಸಲ್ಲು ಕಾರಿನ ಆಕ್ಸಲ್ಲಿಗಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು ಹಾನಿ ಮಾಡುತ್ತದೆ. ಲಾರಿಯವರು ಉಳಿಸಿದ ಟೋಲನ್ನು ನಿಮ್ಮೂರಿನ ರಸ್ತೆ ತೆರುತ್ತಿದೆ.

ಅರ್ಜಿ ಜಿಲ್ಲಾಧಿಕಾರಿಗೆ ಹೋಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಮತ್ತು 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ 221(ಎ)(5)ರ ಅಡಿ ಭಾರಿ ವಾಹನಗಳನ್ನು ನಿರ್ಬಂಧಿಸಲು ಕೋರಿ. ಒಂದು ತಿಂಗಳವರೆಗಿನ ನಿರ್ಬಂಧಕ್ಕೆ ಗೆಜೆಟ್ ಅಧಿಸೂಚನೆ ಬೇಕಿಲ್ಲ, ಆದ್ದರಿಂದ ಮೊದಲು ಅಷ್ಟನ್ನೇ ಕೇಳುವುದು ಜಾಣತನ. ಬರೀ ‘ತೊಂದರೆಯಾಗಿದೆ’ ಎಂದು ಬರೆದರೆ ಕಡತ ಅಲುಗದು. ಏಳು ದಿನ, ದಿನವಿಡೀ ಪಾಳಿಯಲ್ಲಿ ಕೂತು ಲಾರಿಗಳನ್ನು ಎಣಿಸಿ. ಗಂಟೆವಾರು ಪಟ್ಟಿ, ಒಡೆದ ಜಾಗಗಳ ಫೋಟೊ, ಮೋರಿಗಳ ವಿವರ, ಶಾಲೆ ಬಿಡುವ ಹೊತ್ತು ಎಲ್ಲ ಲಗತ್ತಿಸಿ. ಗ್ರಾಮ ಪಂಚಾಯಿತಿಯ ನಿರ್ಣಯವೂ ಜೊತೆಗಿರಲಿ. ಪ್ರತಿಯನ್ನು ರಸ್ತೆ ಯಾರದೋ ಆ ಇಲಾಖೆಗೆ, ಅಂದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಅಥವಾ ಲೋಕೋಪಯೋಗಿಗೆ ಕೊಡಿ. ನೀವೇ ಕಬ್ಬಿಣದ ಕಮಾನು ನಿಲ್ಲಿಸಬೇಡಿ. ಅಗ್ನಿಶಾಮಕ ವಾಹನ, ಹುಲ್ಲು ತುಂಬಿದ ಟ್ರ್ಯಾಕ್ಟರು ಸಿಕ್ಕಿಹಾಕಿಕೊಳ್ಳುತ್ತವೆ.

ಬೈಕಿನಲ್ಲಿ ದಶಪಥ ಹತ್ತಬಹುದೇ?
ಓದುಗರು, ನಾಗರಬಾವಿ

ಇಲ್ಲ. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿಷೇಧವಿದೆ. ಸರ್ವಿಸ್ ರಸ್ತೆಯಲ್ಲಿ ಹೋಗಿ.

ಪ್ಲಾಜಾದಿಂದ 6 ಕಿ.ಮೀ. ದೂರದಲ್ಲೇ ಮನೆ. ಸ್ಥಳೀಯ ಮಾಸಿಕ ಪಾಸ್ ಕೊಡಲು ಒಪ್ಪುತ್ತಿಲ್ಲ. ಸರಿಯೇ?
ಓದುಗರು, ಬಿಡದಿ

20 ಕಿ.ಮೀ. ಒಳಗೆ ವಾಸಿಸುವವರ ಸ್ವಂತ ಬಳಕೆಯ ವಾಹನಕ್ಕೆ ಆ ಪಾಸ್ ಇದೆ. 2025–26ರಲ್ಲಿ ತಿಂಗಳಿಗೆ ₹350 ಇತ್ತು. ಆದರೆ ಸರ್ವಿಸ್ ರಸ್ತೆ ಅಥವಾ ಬದಲಿ ರಸ್ತೆ ಇದ್ದರೆ ಪಾಸ್ ಕೊಡುವಂತಿಲ್ಲ ಎಂಬ ಷರತ್ತು 9ನೇ ನಿಯಮದಲ್ಲೇ ಇದೆ. ಯಾವುದನ್ನು ಬದಲಿ ರಸ್ತೆ ಎನ್ನಬೇಕು ಎಂಬುದಕ್ಕೂ ನಿಯಮಗಳಲ್ಲಿ ಅಳತೆ ಇದೆ: ಅದು 10 ಮೀಟರಿಗಿಂತ ಅಗಲವಿರಬೇಕು, ಉದ್ದ ಹೆದ್ದಾರಿಯ ಆ ಭಾಗಕ್ಕಿಂತ ಶೇ 20ಕ್ಕೂ ಹೆಚ್ಚಾಗಿರಬಾರದು. ನಿಮಗೆ ತೋರಿಸುತ್ತಿರುವುದು ಕಿರಿದಾದ ಹಳ್ಳಿ ರಸ್ತೆಯಾಗಿದ್ದರೆ ಅಳೆದು, ಲಿಖಿತವಾಗಿ ಆಕ್ಷೇಪಿಸಿ. ಸಹಾಯವಾಣಿ 1033ಕ್ಕೂ ದೂರು ದಾಖಲಿಸಿ. ಪಕ್ಕದಲ್ಲೇ ಸರ್ವಿಸ್ ರಸ್ತೆಯೋ ಆ ಅಳತೆಗೆ ಹೊಂದುವ ಬದಲಿ ರಸ್ತೆಯೋ ಇದ್ದರೆ ಅವರು ನಿರಾಕರಿಸಿದ್ದು ಸರಿ.