ಓಮ್ನಿಯಂ ಬಗ್ಗೆ ಕೇಳಿದ ಮಂಡ್ಯದ ಅಣ್ಣನಿಗೆ: ಬ್ರೇಕಿಲ್ಲದ ಸೈಕಲ್ ಈಗ ಬೇಡ

ಅಣ್ಣ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ. ಆ ಬ್ರೇಕಿಲ್ಲದ ಸಿಂಗಲ್ ಗೇರ್ ಸೈಕಲ್ ತಗೋಬೇಡಿ. ಅಡ್ವಾನ್ಸ್ ಕೊಟ್ಟಿಲ್ಲ ಅಂದರೆ ಇವತ್ತೇ ಬೇಡ ಅಂತ ಹೇಳಿಬಿಡಿ. ಯಾಕೆ ಅಂತ ಆಮೇಲೆ ಬರೆಯುತ್ತೇನೆ.

ಪ್ರಶ್ನೆ ನೋಡದೇ ಇರುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಇವರ ತಮ್ಮನ ಮಗ ಪಿಯುಸಿ ಓದುತ್ತಿದ್ದಾನೆ. ಭಾನುವಾರ ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಗೇರ್ ಸೈಕಲ್‌ನಲ್ಲಿ ಹೋಗಿಬರುತ್ತಾನೆ. ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಓಮ್ನಿಯಂ ವಿಡಿಯೊ ನೋಡಿದ ಮೇಲೆ ಅದರದ್ದೇ ಹುಚ್ಚು. ರೇಸ್ ಮಧ್ಯೆ ಬಿದ್ದವನಿಗೆ ಚಿನ್ನ ಹೇಗೆ ಬಂತು, ನಮ್ಮ ಕಡೆ ಇದ್ದುಕೊಂಡೇ ಇದಕ್ಕೆ ತಯಾರಾಗಬಹುದಾ, ಮೈಸೂರಿನಲ್ಲಿ ಮಾರಾಟಕ್ಕಿರುವ ಆ ಸೈಕಲ್ ತಗೊಳ್ಳಲಾ ಅಂತ ಕೇಳಿದ್ದಾರೆ.

ಓಮ್ನಿಯಂ ಎಂದರೆ ಒಂದೇ ದಿನದಲ್ಲಿ ನಾಲ್ಕು ಸೈಕಲ್ ರೇಸ್. ದೊಡ್ಡ ಕೂಟಗಳಲ್ಲಿ 250 ಮೀಟರ್ ಸುತ್ತಳತೆಯ, ಹೊರ ಅಂಚಿನ ಕಡೆ ಎತ್ತರವಾಗಿ ಓರೆಯಾಗಿರುವ ಮರದ ಟ್ರ್ಯಾಕ್ ಮೇಲೆ ನಡೆಯುತ್ತದೆ. ಮೊದಲನೆಯದು ಸ್ಕ್ರ್ಯಾಚ್, 10 ಕಿಲೋಮೀಟರ್, ಯಾರು ಮೊದಲು ಗೆರೆ ದಾಟುತ್ತಾರೋ ಅವರು ಗೆದ್ದರು. ಎರಡನೆಯದು ಟೆಂಪೊ. ಅದೂ 10 ಕಿಲೋಮೀಟರ್, ಆದರೆ ಮೊದಲ ಕೆಲವು ಸುತ್ತು ಬಿಟ್ಟು ಪ್ರತಿ ಸುತ್ತಿಗೂ ಮುಂದೆ ಇದ್ದವರಿಗೆ ಒಂದು ಪಾಯಿಂಟ್. ನೋಡುವವರಿಗೆ ನಾಲ್ಕರಲ್ಲಿ ಇದೇ ಬೇಜಾರಿನ ರೇಸ್ ಅಂತ ನನ್ನ ಅಭಿಪ್ರಾಯ. ಮೂರನೆಯದು ಎಲಿಮಿನೇಷನ್, ಕೊನೆಯಲ್ಲಿರುವವರನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸುವ ರೇಸ್. ಕೊನೆಗೆ 25 ಕಿಲೋಮೀಟರ್, ಅಂದರೆ 100 ಸುತ್ತಿನ ಪಾಯಿಂಟ್ಸ್ ರೇಸ್.

ಮೊದಲ ಮೂರರಲ್ಲಿ ಗೆದ್ದವರಿಗೆ 40, ಎರಡನೆಯವರಿಗೆ 38, ಮೂರನೆಯವರಿಗೆ 36, ಹೀಗೆ ಎರಡೆರಡು ಕಡಿಮೆ ಆಗುತ್ತಾ ಹೋಗುತ್ತದೆ. ಹುಡುಗನ ಕೈಗೆ ಪೆನ್ನು ಕೊಟ್ಟು ಈ ಲೆಕ್ಕ ಮಾಡಿಸಿ. ಒಬ್ಬ ಎರಡು ರೇಸ್ ಗೆದ್ದು ಒಂದರಲ್ಲಿ 16ನೇ ಸ್ಥಾನಕ್ಕೆ ಬಿದ್ದರೆ 40, 40, 10, ಒಟ್ಟು 90. ಇನ್ನೊಬ್ಬ ಒಂದನ್ನೂ ಗೆಲ್ಲದೆ ಮೂರರಲ್ಲೂ ಐದನೆಯವನಾಗಿ ಬಂದರೆ 32ರಂತೆ 96. ಗೆಲ್ಲದವನೇ ಮುಂದೆ! ಒಂದು ರೇಸ್ ಕೈಕೊಟ್ಟರೆ ಎರಡು ಗೆಲುವೂ ನೀರುಪಾಲು.

ಈ ಅಂಕ ಹೊತ್ತುಕೊಂಡೇ ಎಲ್ಲರೂ ಪಾಯಿಂಟ್ಸ್ ರೇಸಿಗೆ ಇಳಿಯುತ್ತಾರೆ. ಅಲ್ಲಿ 10 ಸುತ್ತಿಗೊಂದು ಸ್ಪ್ರಿಂಟ್, ಮೊದಲ ನಾಲ್ವರಿಗೆ 5, 3, 2, 1. ಕೊನೆಯ ಸ್ಪ್ರಿಂಟಿಗೆ ಇದರ ಎರಡರಷ್ಟು. ಗುಂಪಿನಿಂದ ತಪ್ಪಿಸಿಕೊಂಡು ಒಂದು ಪೂರ್ತಿ ಸುತ್ತು ಮುಂದೆ ಹೋಗಿ ಹಿಂದಿನಿಂದ ಗುಂಪು ಸೇರಿದರೆ 20 ಪಾಯಿಂಟ್. ಒಂದು ಸುತ್ತು ಹಿಂದೆ ಬಿದ್ದರೆ 20 ಕಳೆಯುತ್ತಾರೆ. ನಾಲ್ಕು ಸ್ಪ್ರಿಂಟ್ ಗೆದ್ದದ್ದಕ್ಕೆ ಒಂದು ಸುತ್ತು ಸಮ ಆಯಿತಲ್ಲ, ಆದ್ದರಿಂದಲೇ ಕೆಲವರು ಸ್ಪ್ರಿಂಟ್ ಬಿಟ್ಟುಕೊಟ್ಟು ಸುಮ್ನೆ ಕೂತಂತೆ ಕಾಣುತ್ತಾರೆ. ಬೇರೆಯವರು ಸ್ಪ್ರಿಂಟ್ ಮಾಡಿ ಏದುಸಿರು ಬಿಡುವ ಹೊತ್ತಿಗೆ ಸರಿಯಾಗಿ ಹೊರಡುತ್ತಾರೆ.

ಈಗ ಬಿದ್ದವನ ವಿಷಯ. 2024ರಲ್ಲಿ ಪ್ಯಾರಿಸ್‌ನಲ್ಲಿ ಗೆದ್ದದ್ದು ಫ್ರಾನ್ಸಿನ ಬೆಂಜಮಿನ್ ಥಾಮಸ್. ಪೋರ್ಚುಗಲ್‌ನ ಯೂರಿ ಲೈತಾವ್‌ಗೆ ಬೆಳ್ಳಿ, ಬೆಲ್ಜಿಯಂನ ಫಾಬಿಯೊ ವಾನ್ ಡೆನ್ ಬೊಷ್‌ಗೆ ಕಂಚು. ಥಾಮಸ್ ಬಿದ್ದದ್ದು ಪಾಯಿಂಟ್ಸ್ ರೇಸಿನಲ್ಲಿ. ಹೀಗೆ ಬಿದ್ದರೆ ಅಥವಾ ಟೈರ್ ಪಂಚರ್ ಆದರೆ ಹತ್ತಿರ ಹತ್ತಿರ 1300 ಮೀಟರ್, ಅಂದರೆ ಈ ಟ್ರ್ಯಾಕಿನಲ್ಲಿ 5 ಸುತ್ತಿನಷ್ಟು ರಿಯಾಯಿತಿ ಇದೆ. ಅಷ್ಟರೊಳಗೆ ಎದ್ದು ಸೈಕಲ್ ಹತ್ತಿ ತಾನಿದ್ದ ಜಾಗಕ್ಕೇ ಬಂದು ಸೇರಬಹುದು, ಸುತ್ತು ಕಳೆಯುವುದಿಲ್ಲ. ಆ ಹೊತ್ತಿನಲ್ಲಿ ಬರುವ ಸ್ಪ್ರಿಂಟಿನ ಪಾಯಿಂಟ್ ಮಾತ್ರ ಇಲ್ಲ. ಹಾಗಾಗಿ ಬಿದ್ದ ಮಾತ್ರಕ್ಕೆ ರೇಸ್ ಹೋಗುವುದಿಲ್ಲ. ಬಿದ್ದ ಮೈಯಲ್ಲಿ ಮತ್ತೆ ಅದೇ ವೇಗಕ್ಕೆ ಹೊಂದಿಕೊಳ್ಳುವುದು ಬೇರೆ ಮಾತು. ಅದನ್ನು ಯಾವ ನಿಯಮವೂ ಕೊಡುವುದಿಲ್ಲ.

ನಿಮ್ಮ ಹುಡುಗ ಗಮನ ಕೊಡಬೇಕಾದ್ದು ಎಲಿಮಿನೇಷನ್‌ಗೆ. ಎರಡು ಸುತ್ತಿಗೊಮ್ಮೆ ಕೊನೆಯವರನ್ನು ಹೊರಗೆ ಕಳಿಸುತ್ತಾರೆ. ನೋಡುವುದು ಹಿಂದಿನ ಚಕ್ರವನ್ನು, ಮುಂದಿನದನ್ನಲ್ಲ. ವಿಡಿಯೊ ಮತ್ತೆ ಹಾಕಿ, ಒಳಗಡೆ ಕಪ್ಪು ಗೆರೆಗೆ ಅಂಟಿಕೊಂಡು ಹೋಗುವವರನ್ನು ನೋಡಿ. ಅದು ಹತ್ತಿರದ ದಾರಿ, ಶಕ್ತಿ ಉಳಿಯುತ್ತದೆ. ಆದರೆ ಮುಂದೆ ಒಬ್ಬರ ಚಕ್ರ, ಬಲಗಡೆ ಇನ್ನೊಬ್ಬರ ಮೊಣಕೈ, ಎಡಗಡೆ ಕೆಳಗೆ ತಿಳಿನೀಲಿ ಪಟ್ಟಿ. ಆ ಪಟ್ಟಿಗೆ ಇಳಿದು ಮುಂದೆ ಹೋಗುವ ಹಾಗಿಲ್ಲ. ಬ್ರೇಕ್ ಇಲ್ಲ. ಕಾಲಲ್ಲಿ ಎಷ್ಟೇ ಬಲ ಇದ್ದರೂ ಹೋಗುವುದಕ್ಕೆ ಜಾಗ ಇಲ್ಲ. ಮುಕ್ತಾಯದ ಗೆರೆ ಬರುತ್ತದೆ, ಬಲಗಡೆಯವರೆಲ್ಲ ಮೇಲಿನಿಂದ ಇಳಿಜಾರಿನ ಜೋರಿನಲ್ಲಿ ದಾಟಿಬಿಡುತ್ತಾರೆ, ಇವರು ಔಟ್. ಪಳಗಿದವರು ಗೆರೆಗೆ ಅರ್ಧ ಸುತ್ತು ಇರುವಾಗಲೇ ಒಂದು ಸೈಕಲ್ ಅಗಲ ಮೇಲಕ್ಕೆ ಸರಿದಿರುತ್ತಾರೆ. ಇದು ಗುಂಪಿನಲ್ಲಿ ಓಡಿಸಿ ಓಡಿಸಿಯೇ ಬರಬೇಕಾದ ವಿದ್ಯೆ.

ಈ ವಿದ್ಯೆ ಕಲಿಯಲು ಅವನ ಹತ್ತಿರ ಈಗಿರುವ ಗೇರ್ ಸೈಕಲ್ಲೇ ಸಾಕು, ರಸ್ತೆಯಲ್ಲೇ ಕಲಿಯಬಹುದು. ಗೆದ್ದವರನ್ನೇ ನೋಡಿ. 2016ರಲ್ಲಿ ರಿಯೊದಲ್ಲಿ ಚಿನ್ನ ಗೆದ್ದ ಇಟಲಿಯ ಎಲಿಯಾ ವಿವಿಯಾನಿ, ಬೆಳ್ಳಿ ಗೆದ್ದ ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಶ್, ಇಬ್ಬರೂ ರಸ್ತೆ ರೇಸಿನ ದೊಡ್ಡ ಸ್ಪ್ರಿಂಟರ್‌ಗಳು. ಥಾಮಸ್ ಅದೇ 2024ರ ಮೇ ತಿಂಗಳಲ್ಲಿ ಇಟಲಿಯ ಜಿರೊ ಅನ್ನುವ ಮೂರು ವಾರದ ರಸ್ತೆ ರೇಸಿನಲ್ಲಿ ಒಂದು ಹಂತ ಗೆದ್ದಿದ್ದ. 2012ರ ಲಂಡನ್, 2016ರ ರಿಯೊ ಎರಡರಲ್ಲೂ ಓಮ್ನಿಯಂ ಎರಡು ದಿನದ ಆರು ಸ್ಪರ್ಧೆಯಾಗಿತ್ತು. ಅದರಲ್ಲಿ ಗಡಿಯಾರದ ವಿರುದ್ಧ ಒಬ್ಬೊಬ್ಬರೇ ಓಡಿಸುವ ಸ್ಪರ್ಧೆಗಳೂ ಇದ್ದವು. ಟೋಕಿಯೊ ಹೊತ್ತಿಗೆ ಅವನ್ನೆಲ್ಲ ತೆಗೆದರು. ಈಗ ನಾಲ್ಕೂ ಗುಂಪಿನ ರೇಸ್.

ಅಭ್ಯಾಸಕ್ಕೆ ಜಾಗ ಎಲ್ಲಿ ಅಂದರೆ, ಸ್ಟೇಡಿಯಂನ ಸಿಂಥೆಟಿಕ್ ಟ್ರ್ಯಾಕ್ ಕೇಳಲೇಬೇಡಿ. ಅದು ಓಟಗಾರರದ್ದು, ಸೈಕಲ್ ಟೈರಿಗೆ ಹಾಳಾಗುತ್ತದೆ. ಮೈಸೂರು, ಮಂಡ್ಯ ಎರಡು ಕಡೆಯೂ ಊರಾಚೆ ಡಾಂಬರ್ ಹಾಕಿ ಬಿಟ್ಟು ಇನ್ನೂ ಮನೆ ಏಳದ ಬಡಾವಣೆಗಳಿವೆ. ಒಪ್ಪಿಗೆ ಕೇಳಿಕೊಂಡು, ಸುಮಾರು ಒಂದು ಕಿಲೋಮೀಟರ್ ಸುತ್ತು ಬರುವ ಕಡೆ ಹಿಡಿಯಿರಿ. ಎಲ್ಲ ತಿರುವೂ ಎಡಕ್ಕೇ ಇರಲಿ. ಟ್ರ್ಯಾಕಿನಲ್ಲೂ ಎಡಕ್ಕೇ ತಿರುಗುವುದು, ಜೊತೆಗೆ ಎದುರಿನ ಗಾಡಿಗೆ ಅಡ್ಡ ಹೋಗುವ ಪ್ರಮೇಯವೂ ಇಲ್ಲ. ಮೊದಲೊಮ್ಮೆ ನಡೆದೇ ಸುತ್ತು ಹಾಕಿ ಮರಳು, ಜಲ್ಲಿ ಗುಡಿಸಿಬಿಡಿ. ತಿರುವಿನಲ್ಲಿರುವ ಒಂದು ಹಿಡಿ ಮರಳು ಸಾಕು ಎಲ್ಲರನ್ನೂ ಕೆಡವಲು. ಹೆಲ್ಮೆಟ್ ಇಲ್ಲದವರನ್ನು ಸೇರಿಸಬೇಡಿ.

ಶುರುವಿನಲ್ಲಿ ರೇಸ್ ಬೇಡ. ಮುಂದಿನ ಚಕ್ರಕ್ಕೆ ಹತ್ತಿರ ಹತ್ತಿರ ಇಟ್ಟು ಓಡಿಸುವುದು, ಸೈಕಲ್ ಅಲ್ಲಾಡದಂತೆ ಹಿಂದೆ ತಿರುಗಿ ನೋಡುವುದು, ಪಕ್ಕದವನ ಭುಜ ತಾಗಿದರೂ ಹೆದರದೆ ಹೋಗುವುದು, ಇಷ್ಟು ನಿಧಾನದಲ್ಲೇ ಕಲಿಯಲಿ. ಇದು ಕೈಗೆ ಬಂದ ಮೇಲೆ ಆರೆಂಟು ಜನ ಸೇರಿ ಎಲಿಮಿನೇಷನ್ ಆಡಬಹುದು, ಸುತ್ತಿಗೊಬ್ಬರು ಔಟ್. ಗೆರೆಯ ಹತ್ತಿರ ಒಬ್ಬರು ನಿಂತು ಹಿಂದಿನ ಚಕ್ರ ನೋಡಿ ಹೆಸರು ಕೂಗಲಿ.

ಪಾಯಿಂಟ್ಸ್ ರೇಸಿಗೆ ಹತ್ತು ಸುತ್ತು, ಎರಡು ಸುತ್ತಿಗೊಂದು ಸ್ಪ್ರಿಂಟ್ ಇಡಿ. ಮುಗಿದ ತಕ್ಷಣ, ಪಾಯಿಂಟ್ ಬರೆದ ಚೀಟಿ ತೋರಿಸುವ ಮೊದಲು, ನಿನ್ನ ಪಾಯಿಂಟ್ ಎಷ್ಟು, ಮುಂದಿರುವವನದು ಎಷ್ಟು ಅಂತ ಒಬ್ಬೊಬ್ಬರನ್ನೇ ಕೇಳಿ. ಉಸಿರು ಕಟ್ಟಿರುವಾಗ ಕೂಡುವ ಲೆಕ್ಕ ತಪ್ಪುವವರೇ ಜಾಸ್ತಿ. ಇದು ಅಭ್ಯಾಸದಿಂದ ಬರುತ್ತದೆ, ಖರ್ಚೂ ಇಲ್ಲ.

ಇನ್ನು ಆ ಸೈಕಲ್. ಟ್ರ್ಯಾಕ್ ಸೈಕಲ್ಲಿನಲ್ಲಿ ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲಿಗೆ ಬಿಡುವಿಲ್ಲ. ನಿಧಾನ ಮಾಡಬೇಕಾದರೆ ಕಾಲಿನಲ್ಲೇ ತಡೆಯಬೇಕು, ಇಲ್ಲವೇ ಟ್ರ್ಯಾಕಿನ ಇಳಿಜಾರಿನ ಮೇಲಕ್ಕೆ ಹತ್ತಬೇಕು. ಟ್ರ್ಯಾಕಿನಲ್ಲಿ ಯಾರಿಗೂ ಬ್ರೇಕ್ ಇಲ್ಲದಿರುವುದೇ ಕ್ಷೇಮ, ಮುಂದಿನವನು ಗಕ್ಕನೆ ನಿಲ್ಲುವುದಿಲ್ಲ. ಮಂಡ್ಯದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಗಕ್ಕನೆ ನಿಲ್ಲುತ್ತದೆ. ಚಾಮುಂಡಿ ಬೆಟ್ಟ ಇಳಿಯುವಾಗಂತೂ ಕೇಳಲೇಬೇಡಿ. ಬಿಡುವಿಲ್ಲದೆ ಪೆಡಲ್ ತುಳಿಯುವ ಅಭ್ಯಾಸ ಬೇಕಿದ್ದರೆ ಅದೇ ದುಡ್ಡಿನಲ್ಲಿ ರೋಲರ್ ನೋಡಿ. ಮೂರು ಉರುಳೆಯ ಮೇಲೆ ಇರುವ ಸೈಕಲ್ಲನ್ನೇ ಇಟ್ಟು ಮನೆಯೊಳಗೇ ತುಳಿಯುವಂಥದ್ದು. ಸ್ವಲ್ಪ ವಾಲಿದರೂ ಬೀಳಿಸುತ್ತದೆ, ಆದ್ದರಿಂದ ಮೊದಮೊದಲು ಗೋಡೆ ಪಕ್ಕದಲ್ಲಿಟ್ಟುಕೊಳ್ಳಲಿ.

ನಿಜವಾದ ಟ್ರ್ಯಾಕ್ ಬೇಕೆಂದರೆ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ವೆಲೊಡ್ರೋಮ್ ಇದೆ. ಅದು ಆಮೇಲಿನ ಮಾತು. ನಮ್ಮ ರಾಜ್ಯದಲ್ಲಿ ಸೈಕ್ಲಿಂಗ್ ಬೇರು ಬಿಟ್ಟಿರುವುದು ವಿಜಯಪುರ, ಬಾಗಲಕೋಟೆ ಕಡೆ. ಅಲ್ಲಿ ಸೈಕ್ಲಿಂಗ್ ಹುಡುಗರಿಗೆ ಕ್ರೀಡಾ ವಸತಿ ನಿಲಯಗಳಿವೆ. ಮಂಡ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಹುಡುಗನನ್ನು ಕರೆದುಕೊಂಡೇ ಹೋಗಿ, ಆಯ್ಕೆ ಯಾವಾಗ, ವಯಸ್ಸಿನ ಮಿತಿ ಎಷ್ಟು ಅಂತ ವಿಚಾರಿಸಿ. ಪಿಯುಸಿಗೆ ಬಂದಿದ್ದಾನೆ ಅಂದರೆ ತಡ ಮಾಡಬೇಡಿ, ಅಲ್ವಾ?

ಒಂದು ಮಾತು ಬಿಟ್ಟೆ. ಶ್ರೀರಂಗಪಟ್ಟಣಕ್ಕೆ ಹೋಗುವಾಗ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಹತ್ತಬಾರದು ಅಂತ ಹುಡುಗನಿಗೆ ಹೇಳಿ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಸೈಕಲ್ಲಿಗೆ ಅಲ್ಲಿ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಲಿ. ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕುಗಳಿಗೆ ಮಾತ್ರ ಬೆಳಿಗ್ಗೆ ಆರಕ್ಕೂ ಬಿಡುವಿಲ್ಲ, ಆದ್ದರಿಂದ ಮುಂದೆ ಒಂದು ಮಿನುಗುವ ಲೈಟ್ ಹಾಕಿಸಿಕೊಡಿ.